ಕೈಕಟ್ಟಿ ಕೂರುವ ವಿದ್ಯೆ

ನಮ್ಮಕ್ಕ ನಲವತ್ತಾರನೆಯ ವಯಸ್ಸಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಕಾಲೇಜಿಗೆ ಹೊರಟಾಗ ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು. ಕಾಲೇಜೆಂದರೆ ಅಂಥ ಮಹಾ ಕಾಲೇಜೇನಲ್ಲ. ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಡೆಯುತ್ತಿದ್ದ ಒಂದು ವರ್ಷದ ತರಬೇತಿ. ಶಾಲೆಗಳಲ್ಲಿ ಟೀಚರಿಗೆ ಸಹಾಯಕಿಯಾಗಿ ನಿಲ್ಲುವವರಿಗೆ, ಅದರಲ್ಲೂ ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳ ಪಕ್ಕದಲ್ಲಿ ಕೂರುವವರಿಗೆ ಅಲ್ಲಿ ಪಾಠ. ಎದುರುಮನೆಯ ದರ್ಜಿ, "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಪರೀಕ್ಷೆ ಬರೀತಾಳಂತೆ" ಎಂದು ನನ್ನ ಕಿವಿಗೆ ಬೀಳುವ ಹಾಗೆಯೇ ಅಂದ. "ಕಾಲರ್ ನೆಟ್ಟಗೆ ಹೊಲಿಯೋದು ಕಲಿಸೋ ಕಾಲೇಜಿದ್ರೆ ಹೇಳಿ, ನಿಮ್ಮನ್ನೂ ಅವಳ ಜೊತೆಗೇ ಕಳಿಸ್ತೀನಿ" ಎಂದೆ. ನಾನು ಔಷಧದಂಗಡಿಯ ಕೌಂಟರಿನಲ್ಲಿ ನಿಲ್ಲುವವಳು. ದಿನವಿಡೀ ಜನರ ಕೆಮ್ಮು, ಗೊಣಗಾಟ ಕೇಳಿ ಕೇಳಿ ನನ್ನ ನಾಲಿಗೆ ಹರಿತವಾಗಿದೆ. ಅಕ್ಕನದು ತದ್ವಿರುದ್ಧ. ಅವಳ ನಾಲಿಗೆಗೆ ಕೆಲಸ ಕಡಿಮೆ, ಕೈಗೆ ಜಾಸ್ತಿ.

ಆ ಕೈಗೆ ಅಭ್ಯಾಸ ಹತ್ತಿಸಿದವನು ನಮ್ಮ ತಮ್ಮ. ಮೂವತ್ತೇಳು ವರ್ಷ ಬದುಕಿದರೂ ಕೊನೆಯವರೆಗೆ ಅವನನ್ನು ಎಲ್ಲರೂ ಕರೆದದ್ದು ಪುಟ್ಟ ಎಂದೇ. ಹುಟ್ಟುವಾಗ ಏನೋ ಎಡವಟ್ಟಾಗಿ ಅವನ ಬುದ್ಧಿ ಬೆಳೆಯಲಿಲ್ಲ. ಮಾತು ಅಷ್ಟಕ್ಕಷ್ಟೆ. ಅಪ್ಪ ಅಚ್ಚುಕೂಟದಲ್ಲಿ, ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿಯುತ್ತಿದ್ದರು. ಹಾಗಾಗಿ ಪುಟ್ಟ ಅಕ್ಕನ ಸೊಂಟ ಏರಿದ, ಇಳಿಯಲೇ ಇಲ್ಲ. ಹತ್ತನೆಯ ತರಗತಿ ಮುಗಿಸಿ ಅವಳು ಓದು ಬಿಟ್ಟಳು, ನಾನು ಮುಂದುವರಿಸಿದೆ. ಒಮ್ಮೆ ಒಂದು ಸಂಬಂಧವೂ ಬಂದಿತ್ತು. ಹುಡುಗ ಬಸ್ ಕಂಡಕ್ಟರ್, ಒಳ್ಳೆಯವನೇ. ಅಕ್ಕ ತಲೆ ಎತ್ತದೆ, "ಪುಟ್ಟನೂ ನನ್ನ ಜೊತೆ ಬರ್ತಾನೆ" ಅಂದಳು. ಒಂದೇ ಟಿಕೆಟ್ಟಿಗೆ ಇಬ್ಬರನ್ನು ಹತ್ತಿಸಿಕೊಳ್ಳಲು ಕಂಡಕ್ಟರ್ ಒಪ್ಪಲಿಲ್ಲ. ಆ ಮಾತು ಅಲ್ಲಿಗೆ ನಿಂತಿತು. ಅಕ್ಕ ಅದಕ್ಕಾಗಿ ಒಂದು ದಿನವೂ ಮುಖ ಸಣ್ಣದು ಮಾಡಿದ್ದನ್ನು ನಾನು ನೋಡಲಿಲ್ಲ.

ಅವಳು ಅವನನ್ನು ಅಂಗೈಯಲ್ಲಿಟ್ಟು ಸಾಕಿದಳು. ಅವನು ತೋಳೆತ್ತಿದರೆ ಅಂಗಿ ಬಂದು ಇಳಿಯುತ್ತಿತ್ತು. ಕಾಲು ಚಾಚಿದರೆ ಶೂ. ಬಾಯಿ ತೆರೆದರೆ ತುತ್ತು. ನೀರು ಬೇಕೆಂದು ಅವನು ಯಾವತ್ತೂ ಕೇಳಲಿಲ್ಲ, ಬಾಯಾರುವುದು ಅವನಿಗಿಂತ ಮೊದಲು ಅಕ್ಕನಿಗೆ ಗೊತ್ತಾಗುತ್ತಿತ್ತು. ಮನೆಗೆ ಬಂದವರೆಲ್ಲರ ಮುಂದೆ ಅಮ್ಮ, "ನನ್ನ ಮಗಳು ಅವನನ್ನ ರಾಜಕುಮಾರನ ಹಾಗೆ ಇಟ್ಟಿದಾಳೆ. ಪಾಪ, ಅವನ ಕೈಲಿ ಏನೂ ಆಗಲ್ಲ ನೋಡಿ" ಎನ್ನುತ್ತಿದ್ದಳು. ನೋಡಿದವರು ಹೌದೆನ್ನುತ್ತಿದ್ದರು. ಅವನೂ ಸದಾ ಶುಭ್ರವಾಗಿ, ತಲೆ ಬಾಚಿಸಿಕೊಂಡು, ನಗುನಗುತ್ತ ಇರುತ್ತಿದ್ದ.

ಎದೆಯ ಸೋಂಕಿನಿಂದ ಅವನನ್ನು ಆಸ್ಪತ್ರೆಗೆ ಸೇರಿಸಿದಾಗ ಒಳಗಿನ ವಾರ್ಡಿಗೆ ಮನೆಯವರನ್ನು ಬಿಡಲಿಲ್ಲ. ನರ್ಸೊಬ್ಬಳು ಬಟ್ಟಲು ಹಿಡಿದು ಹೊರಗೆ ಬಂದು, "ಚಮಚ ಕೊಟ್ರೆ ಹಿಡ್ಕೊಳ್ಳೋದೇ ಇಲ್ಲ, ಬಾಯಿ ತೆಕ್ಕೊಂಡು ಬಾಗಿಲ ಕಡೆ ನೋಡ್ತಾ ಕೂರ್ತಾನೆ" ಅಂದಳು. "ಅವನಿಗೆ ಬರಲ್ಲಮ್ಮ. ನನ್ನ ಮಗಳನ್ನ ಒಳಗೆ ಬಿಡಿ, ತಿನ್ನಿಸಿ ಬರ್ತಾಳೆ" ಎಂದಳು ಅಮ್ಮ. ಬಿಡಲಿಲ್ಲ. ಅವನು ಹೋದದ್ದು ಸೋಂಕಿನಿಂದ, ಊಟ ಬಿಟ್ಟದ್ದರಿಂದ ಅಲ್ಲ. ಡಾಕ್ಟರು ಹಾಗೆಂದರು, ಔಷಧದ ನಡುವೆ ಬದುಕುವ ನನಗೂ ಅದು ಗೊತ್ತು. ಗೊತ್ತಿದ್ದು ಏನು ಮಾಡುವುದು.

ಅವನು ಹೋದ ಮೇಲೆ ಅಕ್ಕನ ಕೈಗೆ ದಿಕ್ಕಿಲ್ಲದಂತಾಯಿತು. ಬೆಳಿಗ್ಗೆ ಎದ್ದು ಅಮ್ಮನಿಗೆ ಒಂದು, ಅವನಿಗೆ ಒಂದು ಎಂದು ಎರಡು ಬಕೆಟ್ ನೀರು ಕಾಯಿಸುತ್ತಿದ್ದಳು. ಒಂದು ಹಾಗೇ ತಣ್ಣಗಾಗುತ್ತಿತ್ತು. ನೋಡಿ ನನಗೆ ಸಂಕಟ, ಸಂಕಟ ಬಂದರೆ ನನಗೆ ಸಿಟ್ಟು. "ಆ ನೀರಲ್ಲಿ ನನ್ನ ಸೀರೆನಾದ್ರೂ ಒಗಿ" ಎಂದು ರೇಗುತ್ತಿದ್ದೆ. ಅವಳು ನಿಜವಾಗಿಯೂ ಒಗೆದಿಡುತ್ತಿದ್ದಳು. ಅಂಥವಳ ಜೊತೆ ಜಗಳವಾಡುವುದಾದರೂ ಹೇಗೆ?

ಹೀಗಿರುವಾಗ ಹತ್ತಿರದ ಶಾಲೆಯ ಹೆಡ್‌ಮಿಸ್ ಗಂಟಲಿನ ಮಾತ್ರೆಗೆ ಅಂಗಡಿಗೆ ಬಂದವರು, ನಿಧಾನದ ಮಕ್ಕಳ ತರಗತಿಗೆ ಸಹಾಯಕಿ ಸಿಗುತ್ತಿಲ್ಲ ಎಂದು ಹೇಳಿಕೊಂಡರು. ತರಬೇತಿ ಆದವರೇ ಬೇಕಂತೆ. ನಾನು ಅಕ್ಕನ ಬೆನ್ನು ಬಿದ್ದೆ.

"ಇದಕ್ಕೂ ಓದ್ಬೇಕಾ? ಜೀವಮಾನವೆಲ್ಲ ಇದನ್ನೇ ಮಾಡಿದೀನಲ್ಲೇ" ಅಂದಳು.

"ಹಾಗಾದ್ರೆ ಸುಲಭ ಆಯ್ತಲ್ಲ. ಹೋಗಿ ಮೊದಲನೇ ಸ್ಥಾನ ತಗೊಂಡು ಬಾ."

ಸುಲಭವೇನೂ ಆಗಲಿಲ್ಲ. ಇಪ್ಪತ್ತರ ಹುಡುಗಿಯರ ನಡುವೆ ಇವಳೊಬ್ಬಳೇ ಆಂಟಿ. ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತ ಓದುತ್ತ ಹಾಗೇ ತೂಕಡಿಸುತ್ತಿದ್ದಳು. ನಾನು ಪ್ರಶ್ನೆ ಕೇಳಿದರೆ ಉತ್ತರ ಬಾಯಿಗೆ ಬರುತ್ತಿರಲಿಲ್ಲ, "ಮಾಡಿ ತೋರಿಸ್ಲಾ?" ಎನ್ನುತ್ತಿದ್ದಳು. ಅಂತೂ ಬರೆಯುವ ಪರೀಕ್ಷೆಯಲ್ಲಿ ಏದುಸಿರು ಬಿಡುತ್ತ ದಡ ಸೇರಿದಳು. ಉಳಿದದ್ದು ಕೈಕೆಲಸದ ಪರೀಕ್ಷೆ. ಶಾಲೆಯಲ್ಲಿ ಒಂದು ಮಗುವಿನ ಜೊತೆ ಕೆಲವು ತಿಂಗಳು ಕಳೆಯಬೇಕು, ತರಬೇತಿ ಕೊಡುವ ಮೇಡಂ ಬಂದು ನೋಡಿ ತೀರ್ಮಾನಿಸುತ್ತಾರೆ. ಅದರಲ್ಲಿ ಇವಳನ್ನು ಮೀರಿಸುವವರು ಯಾರಿದ್ದಾರೆ ಎಂದು ನಾವೆಲ್ಲ ನಿಶ್ಚಿಂತೆಯಿಂದಿದ್ದೆವು.

ಆ ಮೇಡಂ ತೆಳ್ಳಗೆ, ಉದ್ದಕ್ಕೆ, ದನಿ ಏರಿಸದ ಹೆಂಗಸು. ಮೊದಲ ವಾರವೇ ಅವರು ಬೋರ್ಡಿನ ಮೇಲೆ ಬರೆದಿದ್ದರಂತೆ: ಮೊದಲು ಕಾಯು. ಆಮೇಲೆ ಹೇಳು. ಆಮೇಲೆ ತೋರಿಸು. ಕೊನೆಗೆ ಮುಟ್ಟು. ಮಗು ಒದ್ದಾಡುವಾಗ ಸಹಾಯಕಿ ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು. ಅಭ್ಯಾಸಕ್ಕೆಂದು ಒಬ್ಬ ಹುಡುಗಿಯ ಕೈಗೆ ದಪ್ಪ ಕೈಗವಸು ತೊಡಿಸಿ ಬಿಗಿಯಾದ ಡಬ್ಬಿಯೊಂದನ್ನು ತೆರೆಯಲು ಕೊಟ್ಟರು. ಉಳಿದವರು ಸುಮ್ಮನೆ ನೋಡುತ್ತ ಕೂರಬೇಕಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮಕ್ಕ ಎದ್ದು ಹೋಗಿ ಡಬ್ಬಿ ತೆರೆದು ಕೊಟ್ಟು ಬಂದಿದ್ದಳು. ಹುಡುಗಿಯರೆಲ್ಲ ನಕ್ಕರು. "ನಿಮಗಿಂತ ಮುಂಚೆ ನಿಮ್ಮ ಕೈ ಹೋಗುತ್ತೆ" ಎಂದರು ಮೇಡಂ. ಅಕ್ಕ ಅದನ್ನು ಹೊಗಳಿಕೆ ಎಂದುಕೊಂಡು ಮನೆಗೆ ಬಂದು ಹೆಮ್ಮೆಯಿಂದ ಹೇಳಿದಳು. ನಾವೂ ಹಾಗೆಂದೇ ತಿಳಿದೆವು.

ಶಾಲೆಯಲ್ಲಿ ಅವಳಿಗೆ ಸಿಕ್ಕಿದ್ದು ಎಂಟು ವರ್ಷದ ಒಂದು ಹುಡುಗಿ. ಚಿಕ್ಕ ಬಾಯಿ, ಚಿಕ್ಕ ಕಣ್ಣು, ಮಾತು ಎರಡೋ ಮೂರೋ. ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳನ್ನು ಸಾಕುತ್ತಿದ್ದುದು ಚಿಕ್ಕಮ್ಮ, ಕಾರ್ಖಾನೆಯ ಕೆಲಸದಿಂದ ನೇರವಾಗಿ ಗೇಟಿಗೆ ಬಂದು ಕರೆದುಕೊಂಡು ಹೋಗುತ್ತಿದ್ದಳು. ಅಕ್ಕ ಬಂದ ಮೇಲೆ ಗುಬ್ಬಿಯ ಅಳು ನಿಂತಿತು, ಮೂಗು ಒರೆಸಿರುತ್ತಿತ್ತು, ಡಬ್ಬಿಯ ಅನ್ನ ಒಂದಗುಳೂ ಚೆಲ್ಲದೆ ಖಾಲಿಯಾಗುತ್ತಿತ್ತು. ತರಗತಿಯ ಟೀಚರ್, "ನೀವು ಬಂದ್ಮೇಲೆ ನನಗೆ ಉಸಿರಾಡೋಕೆ ಪುರುಸೊತ್ತಾಯ್ತು" ಎಂದು ಕೈ ಹಿಡಿದುಕೊಂಡರಂತೆ. ಅಕ್ಕನ ಮುಖಕ್ಕೆ ಕಳೆ ಬಂತು. ಎರಡನೆಯ ಬಕೆಟ್ ನೀರು ಕಾಯಿಸುವುದು ತಾನಾಗಿಯೇ ನಿಂತಿತು.

ಮೇಡಂ ಬಂದು ಒಂದು ಬೆಳಿಗ್ಗೆ ಪೂರ್ತಿ ಹಿಂದಿನ ಗೋಡೆಗೆ ಒರಗಿ ನೋಡಿದರು. ಆಮೇಲೆ ಅಕ್ಕನನ್ನು ಹೊರಗೆ ಕರೆದು ಹೇಳಿದರು. "ಈ ಮಗು ಮುಂಚೆ ನೀರಿನ ಬಾಟಲಿ ತಾನೇ ತೆಗೀತಿತ್ತು. ಶೂಗೆ ಕಾಲು ತಾನೇ ತೂರಿಸ್ತಿತ್ತು. ನೀವು ಬಂದ ಮೇಲೆ ಎರಡೂ ಮರೆತಿದೆ. ಅಲ್ಲಿ ನೋಡಿ."

ಗುಬ್ಬಿ ಶೂಗಳ ಮುಂದೆ ಗಿಡ್ಡ ಬೆಂಚಿನ ಮೇಲೆ ಕೂತಿದ್ದಳು. ಕಾಲು ಮುಂದಕ್ಕೆ ಚಾಚಿ, ನಗುತ್ತ, ಕಾಯುತ್ತ.

ಅಕ್ಕ ಫೇಲು. ಇನ್ನೊಂದೇ ಅವಕಾಶ, ವರ್ಷದ ಕೊನೆಗೆ. ಅದರಲ್ಲೂ ಆಗದಿದ್ದರೆ ತರಬೇತಿಯೂ ಇಲ್ಲ, ಕೆಲಸವೂ ಇಲ್ಲ.

ಅಂದು ಸಂಜೆ ನಾನು ಮೇಡಮ್ಮಿಗೆ ಬಾಯಿಗೆ ಬಂದಂತೆ ಬೈದೆ. ಮಕ್ಕಳನ್ನು ಹೆತ್ತಿದ್ದಾಳೋ ಇಲ್ಲವೋ, ಓದಿ ಓದಿ ಕರುಳು ಒಣಗಿದೆ, ಇತ್ಯಾದಿ. ಅಕ್ಕ ತರಕಾರಿ ಹೆಚ್ಚುತ್ತಿದ್ದವಳು ಚಾಕು ಕೆಳಗಿಟ್ಟಳು.

"ಅವರು ಸರಿಯಾಗೇ ಹೇಳಿದ್ರು ಕಣೇ. ಕಾಲು ಚಾಚ್ಕೊಂಡು ಕೂತಿದ್ಲು. ಥೇಟ್ ನಮ್ಮ ಪುಟ್ಟನ ಹಾಗೆ."

"ಆ ಥರದ ಮಕ್ಕಳೆಲ್ಲ ಹಾಗೇ ಇರ್ತಾವೆ."

"ಅವಳು ಹಾಗಿರ್ಲಿಲ್ಲ. ನಾನು ಹೋದ್ಮೇಲೆ ಹಾಗಾದ್ಲು." ಅಮ್ಮ ಹೊರಗಿನ ಕೋಣೆಯಲ್ಲಿದ್ದಳು, ಅಕ್ಕ ದನಿ ತಗ್ಗಿಸಿದಳು. "ಪುಟ್ಟ ಹುಟ್ಟಿದ್ದೇ ಹಾಗಾ, ನಾನು ಮಾಡಿದ್ದಾ?"

ಅವಳ ಪಾಡು ನನಗೆ ಅರ್ಥವಾಯಿತು. ಪಾಸಾಗಬೇಕಾದರೆ ಇವಳು ಕೈಕಟ್ಟಿ ಕೂತು, ಆ ಹುಡುಗಿ ತಾನೇ ಶೂ ಹಾಕಿಕೊಳ್ಳಬೇಕು. ಹುಡುಗಿ ಹಾಕಿಕೊಂಡುಬಿಟ್ಟರೆ ಪುಟ್ಟನೂ ಹಾಕಿಕೊಳ್ಳಬಹುದಿತ್ತು ಎಂದಾಗುತ್ತದೆ. ಫೇಲಾದರೆ ಕೆಲಸ ಹೋಗುತ್ತದೆ. ಪಾಸಾದರೆ ಇಷ್ಟು ವರ್ಷದ ಬದುಕೇ ಹೋಗುತ್ತದೆ.

ಕೆಲವು ದಿನ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ನನಗೂ ಬಲವಂತ ಮಾಡುವ ಧೈರ್ಯ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ನೋಡಿದರೆ ತಲೆ ಬಾಚಿಕೊಂಡು ಚೀಲ ಹೆಗಲಿಗೇರಿಸಿ ನಿಂತಿದ್ದಾಳೆ. "ಎರಡು ಕೆಲಸ ಮರೆಸಿಟ್ಟು ಬಂದಿದೀನಿ. ಅದನ್ನ ವಾಪಸ್ ಕಲಿಸದೆ ಬಿಟ್ರೆ ಕಳ್ಳಿ ಆಗ್ತೀನಿ" ಎಂದು ಹೇಳಿ ಹೊರಟೇಬಿಟ್ಟಳು.

ಅಲ್ಲಿಂದ ಶುರುವಾಯಿತು ಅವಳ ನಿಜವಾದ ಓದು. ಸುಮ್ಮನಿರುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಾದದ್ದು ಅವಳನ್ನು ನೋಡಿಯೇ. ಮನೆಯಲ್ಲೂ ಅಭ್ಯಾಸ. ಅಮ್ಮನಿಗೆ ಕಣ್ಣು ಮಂಜು, ಒಂದು ದಿನ ಕನ್ನಡಕ ಕುರ್ಚಿಯ ಕೆಳಗೆ ಬಿತ್ತು. ಅಕ್ಕ ಎದುರಿಗೇ ಕೂತು, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಅಮ್ಮ ತಡಕಾಡುವುದನ್ನು ನೋಡುತ್ತಿದ್ದಳು. "ಇವಳಿಗೆ ಏನಾಗಿದೆಯೇ, ಗೊಂಬೆ ಕೂತ ಹಾಗೆ ಕೂತಿದಾಳೆ" ಎಂದು ಅಮ್ಮ ನನ್ನನ್ನು ಕೂಗಿದಳು. "ಓದ್ತಿದಾಳೆ, ತೊಂದರೆ ಕೊಡ್ಬೇಡ" ಅಂದೆ. ಆಮೇಲೆ ನಾವಿಬ್ಬರೂ ಒಳಗೆ ಹೋಗಿ ಬಾಯಿಗೆ ಬಟ್ಟೆ ಹಿಡಿದುಕೊಂಡು ನಕ್ಕೆವು. ಪುಟ್ಟ ಹೋದ ಮೇಲೆ ಆ ಮನೆಯಲ್ಲಿ ನಾವು ನಕ್ಕಿದ್ದು ಅದೇ ಮೊದಲು.

ಶೂ ಹಾಕಿಕೊಳ್ಳುವುದನ್ನು ಕಲಿಸುವುದು ಹಿಂದುಮುಂದಾಗಿಯಂತೆ. ಸಹಾಯಕಿ ಎಲ್ಲವನ್ನೂ ಮಾಡಿ, ಪಟ್ಟಿ ಎಳೆದು ಅಂಟಿಸುವ ಕೊನೆಯ ಕೆಲಸವನ್ನಷ್ಟೇ ಮಗುವಿಗೆ ಬಿಡಬೇಕು. ಕೆಲಸ ಮುಗಿಸಿದ್ದು ತಾನು ಎಂದು ಮಗುವಿಗೆ ಅನ್ನಿಸಬೇಕು. ಅದು ಬಂದ ಮೇಲೆ ಅದರ ಹಿಂದಿನದ್ದು, ಆಮೇಲೆ ಅದಕ್ಕೂ ಹಿಂದಿನದ್ದು. ಪಟ್ಟಿಯನ್ನು ಗುಬ್ಬಿ ತಾನೇ ಎಳೆದ ದಿನ ಅಕ್ಕ ಮನೆಗೆ ಬಂದು ಊಟಕ್ಕೆ ಕೂರಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು, "ಅವನಿಗೂ ಬರ್ತಿತ್ತು ಕಣೇ" ಅಂದಳು.

"ಸುಮ್ನಿರು. ಅವನದೇ ಬೇರೆ."

"ಏನು ಬೇರೆ? ಹೇಳು."

ಅವನೂ ಗುಬ್ಬಿಯಂತೆಯೇ ನಗುತ್ತಿದ್ದ, ಗುಬ್ಬಿಯಂತೆಯೇ ಅಳುತ್ತಿದ್ದ. ಆ ಕಾಲದಲ್ಲಿ ನಮಗೆ ಹೀಗೆಲ್ಲ ಹೇಳಿಕೊಡುವವರು ಯಾರಿದ್ದರು, ಒಂಬತ್ತು ವರ್ಷದ ಹುಡುಗಿ ನೀನು, ನಿನಗೇನು ಗೊತ್ತಿತ್ತು ಎಂದು ಹೇಳಬೇಕೆನ್ನಿಸಿತು. ಹೇಳಿದೆ ಕೂಡ. ಅವಳು ತಲೆಯಾಡಿಸಿ, "ಒಂಬತ್ತು ವರ್ಷಕ್ಕೆ ಗೊತ್ತಿರ್ಲಿಲ್ಲ, ಸರಿ. ನಲವತ್ತಕ್ಕೂ ಗೊತ್ತಾಗ್ಬಾರ್ದಿತ್ತಾ?" ಎಂದಳು.

ಕೊನೆಯ ಪರೀಕ್ಷೆಯ ದಿನ ನನ್ನ ಅಂಗಡಿಗೆ ರಜೆ. ಅವಳನ್ನು ಕರೆದುಕೊಂಡು ಬರೋಣವೆಂದು ಶಾಲೆ ಬಿಡುವ ಹೊತ್ತಿಗೆ ಹೋದೆ. ಕಾರಿಡಾರಿನಲ್ಲಿ ಅಂಟು ಮತ್ತು ನೆಲ ಒರೆಸುವ ನೀರಿನ ವಾಸನೆ. ತರಗತಿಯ ಬಾಗಿಲಿಗೆ ಗಾಜಿತ್ತು, ಅಲ್ಲಿಂದ ನೋಡುತ್ತ ನಿಂತೆ. ಒಂದೊಂದು ಮೊಳೆಗೆ ಒಂದೊಂದು ಚೀಲ, ಕೆಳಗೆ ಸಾಲಾಗಿ ಶೂಗಳು. ಮೇಡಂ ಹಿಂದಿನ ಗೋಡೆಗೆ ಒರಗಿದ್ದರು. ಗುಬ್ಬಿ ಬೆಂಚಿನ ಮೇಲಿದ್ದಳು, ಅಕ್ಕ ಎದುರಿನ ಗಿಡ್ಡ ಕುರ್ಚಿಯ ಮೇಲೆ, ಕೈಗಳು ತೊಡೆಯ ಕೆಳಗೆ.

ಗುಬ್ಬಿ ಕಾಲು ಚಾಚಿದಳು. ಅಕ್ಕ ಅಲುಗಲಿಲ್ಲ. ಗುಬ್ಬಿ ಅಕ್ಕನ ಮುಖ ನೋಡಿದಳು, ಶೂ ನೋಡಿದಳು, ಇನ್ನಷ್ಟು ಉದ್ದಕ್ಕೆ ಚಾಚಿದಳು. ಗಂಟೆ ಹೊಡೆಯಿತು. ಬೇರೆ ಮಕ್ಕಳೆಲ್ಲ ಹೊರಟರು. ಗುಬ್ಬಿಗೆ ಅಳು ಬಂತು, ಅಂಥಿಂಥ ಅಳುವಲ್ಲ. ಎದ್ದು ಬಂದು ಅಕ್ಕನ ತೋಳಿಗೆ ಹೊಡೆದಳು, ಮುಖಕ್ಕೆ ಹೊಡೆದಳು. ಅಕ್ಕನ ಕೈ ತೊಡೆಯ ಕೆಳಗಿಂದ ಹೊರಗೆ ಬರಲಿಲ್ಲ. ನನಗೆ ಬಾಗಿಲು ತಳ್ಳಿ ಒಳಗೆ ಹೋಗಿ ಮಗುವಿಗೆ ಶೂ ಹಾಕಿ, ಮೇಡಮ್ಮಿಗೆ ಎರಡು ಬಿಗಿದು ಬರಬೇಕೆನ್ನಿಸಿತು. "ಕಾಲು ಒಳಗೆ" ಎಂದಳು ಅಕ್ಕ, ಮೆಲ್ಲಗೆ. ಮತ್ತೆ ಕಾದಳು. ಎಷ್ಟು ಹೊತ್ತೋ ಗೊತ್ತಿಲ್ಲ, ನನಗಂತೂ ಯುಗ ಕಳೆದಂತಾಯಿತು.

ಅಳು ಸುಸ್ತಾಗಿ ನಿಂತಿತು. ಗುಬ್ಬಿ ನೆಲದ ಮೇಲೆ ಕೂತಳು, ಒಂದು ಶೂ ಎಳೆದುಕೊಂಡಳು, ಕಾಲು ತೂರಿಸಿದಳು. ಎಡದ ಶೂ ಬಲಗಾಲಿಗೆ. ಅಕ್ಕನ ಮೈ ಒಮ್ಮೆ ಮುಂದಕ್ಕೆ ವಾಲಿ ಹಿಂದಕ್ಕೆ ಬಂತು. ಗುಬ್ಬಿ ಪಟ್ಟಿ ಎಳೆದು ಅಂಟಿಸಿ, ಎರಡನೆಯದನ್ನೂ ಹಾಗೆಯೇ ಮುಗಿಸಿ ಎದ್ದು ನಿಂತಳು. ತಿರುವುಮುರುವು ಶೂಗಳಲ್ಲಿ ಬಾತುಕೋಳಿಯಂತೆ ಹೆಜ್ಜೆ ಹಾಕುತ್ತ ಬಾಗಿಲು ದೂಡಿ ನನ್ನನ್ನು ದಾಟಿ ಹೋದಳು. ಅಕ್ಕನ ಕಡೆ ತಿರುಗಿ ನೋಡಲಿಲ್ಲ. ಗೇಟಿನಲ್ಲಿ ಚಿಕ್ಕಮ್ಮ, "ನೀನೇ ಹಾಕ್ಕೊಂಡ್ಯಾ?" ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. "ನಾ" ಎಂದಳು ಗುಬ್ಬಿ, ಜೋರಾಗಿ.

ಮೇಡಂ ಹೊರಗೆ ಬಂದು, "ಪಾಸ್" ಎಂದಷ್ಟೇ ಹೇಳಿ ಅಕ್ಕನ ಬೆನ್ನ ಮೇಲೆ ಒಂದು ಕ್ಷಣ ಕೈ ಇಟ್ಟರು. ಅಕ್ಕನ ಕೆನ್ನೆಯ ಮೇಲೆ ಗುಬ್ಬಿಯ ಉಗುರು ಗೀರಿದ ಗುರುತಿತ್ತು. ದಾರಿಯಲ್ಲಿ ಏನಾದರೂ ತಿನ್ನೋಣವೇ ಎಂದರೆ ಬೇಡವೆಂದು ತಲೆಯಾಡಿಸಿದಳು.

ಅಮ್ಮ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಮ್ಮದೇ ದಾರಿ ಕಾಯುತ್ತಿದ್ದಳು. ಪಾಸಾಯಿತೆಂದು ನಾನು ಹೇಳಿದ ಕೂಡಲೇ ಅಕ್ಕನ ಕೈ ಹಿಡಿದು ಹತ್ತಿರ ಕೂರಿಸಿಕೊಂಡು, ಏನು ಕೇಳಿದರು, ಹೇಗೆ ಮಾಡಿದೆ, ಎಲ್ಲ ಹೇಳು ಎಂದಳು. ಅಕ್ಕ ಹೇಳಿದಳು. ಅಳುವನ್ನೂ ಹೊಡೆತವನ್ನೂ ಬಿಟ್ಟು ಉಳಿದದ್ದೆಲ್ಲ ಹೇಳಿದಳು. ಅಮ್ಮ ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಮಂಕಾದಳು.

"ಆ ಹುಡುಗಿ ನಮ್ಮ ಪುಟ್ಟನ ಥರದವಳೇ ಏನೇ?"

"ಹೂಂ."

"ತಾನೇ ಹಾಕ್ಕೊಂಡ್ಲಾ? ಯಾರೂ ಮುಟ್ಲಿಲ್ವಾ?"

"ಯಾರೂ ಮುಟ್ಲಿಲ್ಲ."

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆ ಕಣ್ಣಿಗೆ ಹೊರಗೆ ಏನೂ ಕಾಣುವುದಿಲ್ಲ. "ಹಾಗಾದ್ರೆ ಅವನಿಗೂ ಬರ್ತಿತ್ತಾ?" ಎಂದು ಕೇಳಿದಳು. "ಆಸ್ಪತ್ರೆಲಿ ಚಮಚ ಹಿಡ್ಕೊಂಡು ತಿಂತಿದ್ನಾ?"

ನಾನು ಬಾಗಿಲಲ್ಲಿ ನಿಂತಿದ್ದೆ.

"ಇಲ್ಲಮ್ಮ" ಎಂದಳು ಅಕ್ಕ. ದನಿ ಒಂದಿಷ್ಟೂ ಅಲುಗಲಿಲ್ಲ. "ಈ ಹುಡುಗಿಗೆ ಬುದ್ಧಿ ಜಾಸ್ತಿ. ಪುಟ್ಟನಿಗೆ ಏನು ಮಾಡಿದ್ರೂ ಆಗ್ತಿರ್ಲಿಲ್ಲ. ನಮ್ಮ ಮೇಡಂನ್ನೂ ಕೇಳಿದೆ, ಅವರೂ ಅದೇ ಹೇಳಿದ್ರು."

ಮೇಡಮ್ಮಿಗೆ ಪುಟ್ಟ ಎಂಬುವನೊಬ್ಬ ಇದ್ದನೆಂಬುದೇ ಗೊತ್ತಿಲ್ಲ.

ಅಮ್ಮ ದೊಡ್ಡದಾಗಿ ಉಸಿರುಬಿಟ್ಟಳು. "ಸದ್ಯ. ಹಾಗಾದ್ರೆ ನಾವೇನೂ ತಪ್ಪು ಮಾಡ್ಲಿಲ್ಲ."

"ನೀನೇನೂ ತಪ್ಪು ಮಾಡ್ಲಿಲ್ಲಮ್ಮ" ಎಂದು ಅಕ್ಕ ಅಮ್ಮನ ಕೈ ಸವರಿದಳು. ಆಮೇಲೆ ಎದ್ದು, ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದ್ದಾರೆಂದು ನನಗೆ ಹೇಳಿ, ಕೆನ್ನೆಗೆ ಹಚ್ಚಲು ಮುಲಾಮು ಇದೆಯೇ ಎಂದು ಕೇಳಿದಳು. ತಂದು ಕೊಟ್ಟೆ. ಹಚ್ಚಲು ಹೋದರೆ ನನ್ನ ಕೈ ತಡೆದು, ತಾನೇ ಹಚ್ಚಿಕೊಂಡಳು.